ಸಲ್ಲದೆ ಉಳಿದ ಸಣ್ಣ ಬಾಕಿ

ಪೌರಸಭೆಯ ವಾರ್ಷಿಕ ಆಯವ್ಯಯ ಪತ್ರಿಕೆಯನ್ನು ಮೊದಲಿನಿಂದ ಕಡೆಯವರೆಗೆ ಓದುವವರು ನಮ್ಮಲ್ಲಿ ಬಹು ವಿರಳ. ಓದುವ ಕೆಲವರೂ ದೊಡ್ಡ ಬಾಬುಗಳ ಮೇಲೆಯೇ ಕಣ್ಣಿಡುವರು: ಮನೆಕಂದಾಯವೆಷ್ಟು, ನೀರಿನ ತೆರಿಗೆಯೆಷ್ಟು, ಸರಕಾರದ ಅನುದಾನವೆಷ್ಟು, ನೌಕರರ ಸಂಬಳಕ್ಕೆ ಹೋದುದೆಷ್ಟು. ಆ ಸಾಲುಗಳ ಕೆಳಗೆ ಯಾರೂ ಚರ್ಚಿಸದ ಕೆಲವು ಚಿಕ್ಕ ಬಾಬುಗಳಿರುತ್ತವೆ. ಸಂತೆಯ ಶುಲ್ಕ, ದನಗಳ ನೋಂದಣಿ, ಸಾಕುನಾಯಿಯ ಪರವಾನಗಿ ಇಂಥವು. ಬರಬೇಕಾದುದಕ್ಕೂ ಬಂದುದಕ್ಕೂ ಅಲ್ಲಿ ಅನೇಕ ವೇಳೆ ಹೋಲಿಕೆಯೇ ಇರುವುದಿಲ್ಲ. ಮೊತ್ತವು ಅಲ್ಪವಾದುದರಿಂದ ಸದಸ್ಯರು ಕೇಳುವುದಿಲ್ಲ, ಅಧಿಕಾರಿಗಳು ಹೇಳುವುದಿಲ್ಲ. ಕೊಡಬೇಕಾದವರಿಗಂತೂ ತಾವು ಕೊಡಬೇಕಾದವರೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಈ ಲೇಖನದಲ್ಲಿ ನಾನು ವಿಚಾರಮಾಡಬೇಕೆಂದಿರುವುದು ಆ ಚಿಕ್ಕ ಬಾಬಿನ ವಿಷಯವನ್ನೇ. ಯಾರೂ ಬಂದು ಕೇಳದ ಶುಲ್ಕವನ್ನು ಕೊಡದಿರುವುದು ತಪ್ಪೆ? ತಪ್ಪಾದರೆ ಅದು ಯಾರಿಗೆ ಮಾಡಿದ ತಪ್ಪು?

ಈ ಪ್ರಶ್ನೆಯು ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ಆನೆಗೊಂದಿಗೆ ಬಂದು ನೆಲಸುವ ಮೊದಲು ನಾನು ಉದ್ಯೋಗನಿಮಿತ್ತವಾಗಿ ಒಂದು ದೊಡ್ಡ ನಗರದಲ್ಲಿದ್ದೆನು. ಅಲ್ಲಿ ನಮ್ಮ ಮನೆಯಲ್ಲಿ ಒಂದು ಕಂದುಬಣ್ಣದ ನಾಯಿಯಿತ್ತು. ನಾಯಿಯನ್ನು ಸಾಕುವವನು ವರ್ಷಕ್ಕೊಮ್ಮೆ ಅಲ್ಪಶುಲ್ಕವನ್ನು ಸಲ್ಲಿಸಿ, ಅದಕ್ಕೆ ರೇಬಿಸ್ ಲಸಿಕೆಯನ್ನು ಹಾಕಿಸಿದ ಪತ್ರವನ್ನು ತೋರಿಸಿ, ಪರವಾನಗಿಯನ್ನು ಪಡೆಯತಕ್ಕದ್ದೆಂಬ ನಿಯಮವು ಆ ನಗರದಲ್ಲಿದ್ದಿತು. ನನಗೆ ಅದು ತಿಳಿದಿತ್ತು. ನಮ್ಮ ಬೀದಿಯಲ್ಲಿ ಯಾರೂ ಪಡೆದಿರಲಿಲ್ಲ, ನಾನೂ ಪಡೆಯಲಿಲ್ಲ. ಹೀಗೆಯೇ ಒಂಬತ್ತು ವರ್ಷ ಕಳೆಯಿತು.

ಒಂದು ಮುಂಜಾನೆ ನಮ್ಮ ಬೀದಿಯನ್ನು ಗುಡಿಸುತ್ತಿದ್ದ ಹೆಂಗಸಿನ ಜೊತೆಯಲ್ಲಿ ಅವಳ ಮಗಳು ಬಂದಿದ್ದಳು. ಆರೇಳು ವರ್ಷದ ಕೂಸು. ತೆರೆದಿದ್ದ ಬಾಗಿಲಿನಿಂದ ಹೊರಗೆ ನುಗ್ಗಿದ ನಮ್ಮ ನಾಯಿ ಆ ಮಗುವಿನ ಮುಂಗೈಯನ್ನು ಕಚ್ಚಿತು. ನಾವು ಗಾಯವನ್ನು ತೊಳೆದು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಲಸಿಕೆಯನ್ನು ಹಣವಿಲ್ಲದೆ ಹಾಕಿದರು. ಆ ದಿನ ಒಂದು, ಮೂರನೆಯ ದಿನ ಒಂದು, ಏಳನೆಯ ದಿನ ಒಂದು, ಇಪ್ಪತ್ತೆಂಟನೆಯ ದಿನ ಒಂದು. ಒಟ್ಟು ನಾಲ್ಕು ಸಲ ಬರಬೇಕೆಂದು ಹೇಳಿದರು. ಆ ತಾಯಿ ಗುತ್ತಿಗೆಯ ಕೆಲಸದವಳು. ನಾಲ್ಕು ಬೆಳಗು ಕೆಲಸಕ್ಕೆ ತಪ್ಪಿದರೆ ನಾಲ್ಕು ದಿನದ ಕೂಲಿ ಹೋಯಿತು. ನಾನು ಹಣ ಕೊಡಹೋದೆನು. ಅವಳು ಅದನ್ನು ತೆಗೆದುಕೊಳ್ಳುವ ಮೊದಲು ಒಂದೇ ಮಾತನ್ನು ಕೇಳಿದಳು: “ನಾಯಿಗೆ ಸೂಜಿ ಹಾಕಿಸೀರಿ ಹೌದಲ್ಲೊ?” ಹಾಕಿಸಿದ್ದ ನೆನಪು ನನಗಿತ್ತು, ಯಾವ ವರ್ಷವೆಂಬುದು ನೆನಪಿರಲಿಲ್ಲ. ತೋರಿಸುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹತ್ತು ದಿನಗಳವರೆಗೆ ನಾಯಿಗೆ ಏನೂ ಆಗದಿದ್ದರೆ ಭಯವಿಲ್ಲವೆಂದು ವೈದ್ಯರು ಹೇಳಿದ್ದರು. ಆ ಹತ್ತು ದಿನವೂ ಅವಳು ಗುಡಿಸುವುದಕ್ಕೆ ಬಂದಾಗಲೆಲ್ಲ ಪೊರಕೆಯನ್ನು ಗೋಡೆಗೆ ಒರಗಿಸಿ, ನಮ್ಮ ನಾಯಿ ಅನ್ನ ತಿನ್ನುವುದೋ ಇಲ್ಲವೋ ಎಂದು ಗೇಟಿನ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ಮಗುವಿಗೆ ಏನೂ ಆಗಲಿಲ್ಲ. ಆದರೆ ನಾನು ಒಂಬತ್ತು ವರ್ಷ ಕೊಡದೆ ಉಳಿಸಿಕೊಂಡ ಶುಲ್ಕವು ಎಂಥ ವಸ್ತುವೆಂಬುದು ಆ ಹತ್ತು ದಿನಗಳಲ್ಲಿ ನನಗೆ ತಿಳಿಯಿತು. ಆ ತಾಯಿಯ ಪ್ರಶ್ನೆಗೆ ಉತ್ತರವಾಗಬೇಕಾಗಿದ್ದ ಕಾಗದವೇ ಆ ಪರವಾನಗಿ.

ಪೂರ್ವಪಕ್ಷವನ್ನು ನ್ಯಾಯವಾಗಿ ಮೊದಲು ಹೇಳಬೇಕು. ಏಕೆಂದರೆ ಒಂಬತ್ತು ವರ್ಷ ನಾನೇ ಆ ಪಕ್ಷದವನಾಗಿದ್ದೆನು. ಮೊದಲನೆಯದು, ಮೊತ್ತ ಅಲ್ಪ. ಅದರಿಂದ ನಗರದ ಬೊಕ್ಕಸ ತುಂಬುವುದೂ ಇಲ್ಲ, ಬರಿದಾಗುವುದೂ ಇಲ್ಲ. ಎರಡನೆಯದು, ಕೇಳುವುದು ಅಧಿಕಾರಿಗಳ ಕೆಲಸ. ಅವರೇ ಕೇಳದಿರುವಾಗ ನಾನಾಗಿಯೇ ಹೋಗಿ ಕೊಡಬೇಕಾದ ಹಂಗೇನು? ಮೂರನೆಯದು, ಉಳಿದವರು ಯಾರೂ ಕೊಡುತ್ತಿಲ್ಲ. ನಾನೊಬ್ಬನೇ ಕೊಡುವುದು ಭೋಳೆತನ. ನಾಲ್ಕನೆಯದು, ಮನೆಕಂದಾಯ ಮೊದಲಾದುವನ್ನು ಸರಿಯಾಗಿ ತೆರುತ್ತಿದ್ದೇನೆ. ಇದೊಂದು ಬಿಟ್ಟರೆ ಮಹಾಪರಾಧವೇನು? ಈ ನಾಲ್ಕರಲ್ಲಿ ಯಾವುದೂ ದುರ್ಜನರ ವಾದವಲ್ಲ. ಸಜ್ಜನರೆನಿಸಿಕೊಂಡವರ ವಾದವೇ ಆದುದರಿಂದ ಇವನ್ನು ತೂಗಿನೋಡುವುದು ಅವಶ್ಯ.

ತೆರಿಗೆಯ ವಿಚಾರವನ್ನು ಯೋಚಿಸುವುದಕ್ಕೆ ಆನೆಗೊಂದಿಗಿಂತ ಉತ್ತಮವಾದ ಸ್ಥಳವು ದೊರೆಯಲಾರದು. ನಮ್ಮ ಊರಿನ ಕೋಟೆಯ ಬಾಗಿಲಲ್ಲಿ ನಿಂತರೆ ಹೊಳೆಯಾಚೆ ಒಂದು ಕಾಲದ ಮಹಾರಾಜಧಾನಿಯ ಬಂಡೆಗಳು ಕಾಣುವುವು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಪೇಸನು ಆನೆಗೊಂದಿಯನ್ನು ಹಿಂದಿನ ರಾಜಧಾನಿಯೆಂದೂ, ಆಗ ಅಲ್ಲಿ ಜನ ಕಡಿಮೆಯೆಂದೂ, ಬುಟ್ಟಿಯಂತೆ ದುಂಡಾದ, ಹೊರಮೈಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದಿಪ್ಪತ್ತು ಮಂದಿ ಹೊಳೆಯನ್ನು ದಾಟುವರೆಂದೂ, ಕುದುರೆ ಎತ್ತುಗಳು ಬಹುಮಟ್ಟಿಗೆ ಈಜಿಯೇ ದಾಟುವುವೆಂದೂ ಬರೆದಿದ್ದಾನೆ. ಆ ಹರಿಗೋಲುಗಳು ನಮಗೆ ಇಂದೂ ಪರಿಚಿತವೇ. ಅವನ ತರುವಾಯ ಬಂದ ನೂನಿಜನು ರಾಜಧಾನಿಯ ಸುಂಕದ ಬಾಗಿಲನ್ನು ವರ್ಣಿಸಿದ್ದಾನೆ. ಆ ಹೆಬ್ಬಾಗಿಲನ್ನು ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಕೊಡುತ್ತಿದ್ದರಂತೆ. ಗುತ್ತಿಗೆದಾರನು ಕೇಳಿದುದನ್ನು ಕೊಡದೆ ದೇಶದವನಾಗಲಿ ಪರದೇಶದವನಾಗಲಿ ಒಳಕ್ಕೆ ಬರುವಂತಿರಲಿಲ್ಲ. ದಿನಕ್ಕೆ 2,000 ಹೇರೆತ್ತುಗಳು ಪ್ರವೇಶಿಸುತ್ತಿದ್ದುವು, ಪ್ರತಿಯೊಂದಕ್ಕೂ ಸುಂಕವುಂಟು. ಆದರೆ ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲ.

ಬೋಳೆತ್ತಿಗೆ ಸುಂಕವೇಕಿಲ್ಲವೆಂಬುದನ್ನು ಅವನು ಹೇಳಿಲ್ಲ. ಕಾರಣವೇನೇ ಇರಲಿ, ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ವಿನಾಯಿತಿಯು ಎಲ್ಲರಿಗೂ ತಿಳಿದ ವಿನಾಯಿತಿ. ಬಾಗಿಲಲ್ಲಿ ನಿಂತ ಸುಂಕದವನಿಗೂ ಗೊತ್ತು, ಎತ್ತನ್ನು ಹೊಡೆದು ತರುವವನಿಗೂ ಗೊತ್ತು, ಪಕ್ಕದಲ್ಲಿ ಸುಂಕ ತೆತ್ತು ಹೋಗುವವನಿಗೂ ಗೊತ್ತು. ಸದಾಶಿವರಾಯನ ಕಾಲದಲ್ಲಿ ಕ್ಷೌರಿಕರ ಮೇಲಿನ ತೆರಿಗೆಯನ್ನು ಬಿಟ್ಟುದೂ ಹೀಗೆಯೇ. ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನು ರಾಮರಾಯನ ಮನಸ್ಸನ್ನು ಒಲಿಸಿಕೊಂಡನು. ಅವನ ಕುಲದವರಿಗೆ ಸುಂಕವೂ ಬಿಟ್ಟಿಯೂ ಮಾಫಿಯಾದುವು. ಆ ಸಂಗತಿಯನ್ನು ಊರೂರುಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. ತೆರಿಗೆಯನ್ನು ಬಿಡುವುದು ಅರಸನ ಅಧಿಕಾರ; ಬಿಟ್ಟುದನ್ನು ಸಾರುವುದು ಅವನ ಧರ್ಮ. ಈ ಕಾಲದಲ್ಲಿ ವಸೂಲಾಗದ ಶುಲ್ಕಗಳಿಗೆ ಅಂಥ ಶಾಸನವಿಲ್ಲ. ಅವು ಬಿಟ್ಟುವೂ ಅಲ್ಲ, ಬಂದುವೂ ಅಲ್ಲ. ಕಾನೂನಿನಲ್ಲಿ ಇರುವುವು, ಬೀದಿಯಲ್ಲಿ ಇಲ್ಲ. ಈ ಮಧ್ಯಸ್ಥಿತಿಯೇ ನಮ್ಮ ನೀತಿಯನ್ನು ಕೆಡಿಸುವುದು.

ಇನ್ನು ಮೊತ್ತ ಅಲ್ಪವೆಂಬ ಮೊದಲನೆಯ ವಾದ. ತೆರಿಗೆಗೂ ಶುಲ್ಕಕ್ಕೂ ಭೇದವುಂಟು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ವ್ಯಾಜ್ಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಈ ಭೇದವನ್ನು ವಿವರಿಸಿತು. ತೆರಿಗೆಯೆಂಬುದು ಸಮಸ್ತರ ಪ್ರಯೋಜನಕ್ಕಾಗಿ ಎತ್ತುವ ಹಣ. ಕೊಟ್ಟವನಿಗೆ ಅದರಿಂದ ಪ್ರತ್ಯೇಕ ಲಾಭವೇನೆಂದು ಕೇಳುವ ಹಾಗಿಲ್ಲ. ಶುಲ್ಕವೆಂಬುದು ಒಂದು ನಿಯತವಾದ ಸೇವೆಗೋ ಮೇಲ್ವಿಚಾರಣೆಗೋ ಪ್ರತಿಯಾಗಿ ಕೊಡುವ ಹಣ. ಆದಕಾರಣ ಶುಲ್ಕದ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸುವುದು ಸರಿಯಲ್ಲ. ಅದು ಯಾವ ಕೆಲಸಕ್ಕೆ ಮುಡಿಪಾಗಿದೆಯೋ ಆ ಕೆಲಸವನ್ನು ನೋಡಬೇಕು. ನಾಯಿಯ ಪರವಾನಗಿಯ ಹಣದಿಂದ ನಗರವು ಶ್ರೀಮಂತವಾಗಬೇಕಾಗಿಲ್ಲ. ಯಾವ ಮನೆಯಲ್ಲಿ ಯಾವ ನಾಯಿ ಇದೆ, ಅದಕ್ಕೆ ಲಸಿಕೆ ಆಗಿದೆಯೋ ಇಲ್ಲವೋ, ಅದು ಕಚ್ಚಿದರೆ ಉತ್ತರ ಹೇಳುವವರು ಯಾರು ಎಂಬ ಮೂರು ಸಂಗತಿಗಳು ಊರಿಗೆ ತಿಳಿದಿರಬೇಕು. ನಾನು ಕೊಡದೆ ಉಳಿಸಿಕೊಂಡುದು ನೂರಿನ್ನೂರು ರೂಪಾಯಿಗಳನ್ನಲ್ಲ, ಆ ತಿಳಿವಳಿಕೆಯನ್ನು.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಉದಾಹರಣೆಯನ್ನು ತೋರಿಸುವವರುಂಟು. ಅಲ್ಲಿ 1796ರಲ್ಲಿ ನಾಯಿಗಳ ಮೇಲೆ ತೆರಿಗೆಯನ್ನು ಹಾಕಿದರು. 1878ರಲ್ಲಿ ಪರವಾನಗಿಗೆ ಏಳೂವರೆ ಶಿಲಿಂಗು ಎಂದು ನಿಗದಿಯಾಯಿತು. ನೂರು ವರ್ಷವಾದರೂ ಆ ಮೊತ್ತವನ್ನು ಯಾರೂ ಏರಿಸಲಿಲ್ಲ. ನಾಣ್ಯಪದ್ಧತಿ ಬದಲಾದಾಗ ಅದು ಮೂವತ್ತೇಳೂವರೆ ಪೆನ್ನಿಗಳಾಯಿತು. ಕಡೆಕಡೆಗೆ ನಾಯಿ ಸಾಕಿದವರಲ್ಲಿ ಸುಮಾರು ಅರ್ಧ ಮಂದಿ ಮಾತ್ರವೇ ಪರವಾನಗಿ ಪಡೆಯುತ್ತಿದ್ದರು. ಬರುವ ಹಣಕ್ಕಿಂತ ಎತ್ತುವ ವೆಚ್ಚವೇ ಹೆಚ್ಚಾಯಿತು. 1987ರಲ್ಲಿ ಅದನ್ನು ತೆಗೆದುಹಾಕಿದರು. ಇದರಿಂದ ಸಣ್ಣ ಶುಲ್ಕವೆಲ್ಲ ವ್ಯರ್ಥವೆಂದು ಸಿದ್ಧವಾಗುವುದೆ? ನನಗೆ ಹಾಗೆ ತೋರುವುದಿಲ್ಲ. ಜರ್ಮನಿಯ ಊರುಗಳು ಇಂದಿಗೂ ನಾಯಿಯ ತೆರಿಗೆಯನ್ನು ಎತ್ತುತ್ತವೆ. 2023ರಲ್ಲಿ ಆ ದೇಶದಲ್ಲೆಲ್ಲ ಸೇರಿ ಅದರಿಂದ ಬಂದುದು 42 ಕೋಟಿ ಯೂರೋಗಳಿಗಿಂತ ಹೆಚ್ಚು. ಒಂದು ದೇಶವು ಎತ್ತುತ್ತದೆ, ಒಂದು ದೇಶವು ಬಿಟ್ಟಿದೆ. ಎರಡೂ ಪ್ರಾಮಾಣಿಕವೇ. ಇಂಗ್ಲೆಂಡಿನವರು ಮಾಡಿದ ತಪ್ಪು 1987ರಲ್ಲಿ ಬಿಟ್ಟುದಲ್ಲ. ಅದಕ್ಕೆ ಮೊದಲು ಅನೇಕ ವರ್ಷ ಅರ್ಧ ಜನರು ಕೊಡುವುದನ್ನೂ ಅರ್ಧ ಜನರು ಕೊಡದಿರುವುದನ್ನೂ ಸುಮ್ಮನೆ ನೋಡುತ್ತಿದ್ದುದು. ಕೊಟ್ಟವನಿಗೆ ಅಲ್ಲಿ ಅನ್ಯಾಯವಾಯಿತು. ಕೊಟ್ಟುದೇ ದಡ್ಡತನವೆನ್ನುವ ಪಾಠವನ್ನು ಅವನಿಗೆ ರಾಜ್ಯವೇ ಕಲಿಸಿದಂತಾಯಿತು.

ನಮ್ಮ ಬೆಂಗಳೂರಿನಲ್ಲಿ 2018ರಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಮಹಾನಗರಪಾಲಿಕೆಯು ಸಾಕುನಾಯಿಗಳ ಪರವಾನಗಿಗೆ ಹೊಸ ಉಪನಿಯಮಗಳನ್ನು ಹೊರಡಿಸಿತು. ಶುಲ್ಕವು 110 ರೂಪಾಯಿ. ಅದರೊಂದಿಗೆ, ಮಹಡಿಮನೆಗಳ ಸಮುಚ್ಚಯದಲ್ಲಿ ಮನೆಗೊಂದೇ ನಾಯಿಯೆಂಬ ನಿರ್ಬಂಧವನ್ನೂ ಸೇರಿಸಿತು. ಜನರು ಕೂಗೆಬ್ಬಿಸಿದರು, ನಿಯಮಗಳು ತಡೆಹಿಡಿಯಲ್ಪಟ್ಟುವು. ಆ ಕೂಗಿನಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳುವುದಿಲ್ಲ. ನಾಯಿಗಳನ್ನು ಎಣಿಸುವುದು ಬೇರೆ, ಮನೆಯೊಳಗಿನ ಪ್ರೀತಿಯನ್ನು ಅಳೆಯುವುದು ಬೇರೆ. ಆದರೆ ವಾದವೆಲ್ಲವೂ ಎಷ್ಟು ನಾಯಿಗಳನ್ನು ಇಟ್ಟುಕೊಳ್ಳಬಹುದೆಂಬ ಹಕ್ಕಿನ ಸುತ್ತಲೇ ತಿರುಗಿತು. ಇಟ್ಟುಕೊಂಡವರು ಬೀದಿಗೆ ಏನನ್ನು ಕೊಡಬೇಕೆಂಬ ಪ್ರಶ್ನೆಯು ಆ ಗದ್ದಲದಲ್ಲಿ ಹಿಂದೆ ಉಳಿಯಿತು.

ಎರಡನೆಯ ವಾದಕ್ಕೆ, ಎಂದರೆ ಕೇಳದಿದ್ದರೆ ಕೊಡಬೇಕಾದುದಿಲ್ಲವೆಂಬುದಕ್ಕೆ, ಸಮಾಧಾನವನ್ನು ನಮ್ಮ ನೆರೆಯಲ್ಲಿಯೇ ನೋಡಬಹುದು. ಹೊಳೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯು 1988ರ ಅಧಿಸೂಚನೆಯಿಂದ ಸಂರಕ್ಷಿತ ಪ್ರದೇಶಕ್ಕೆ ಸೇರಿತು. ಆದರೂ ಮುಂದಿನ ವರ್ಷಗಳಲ್ಲಿ ಅಲ್ಲಿ ಪ್ರವಾಸಿಗಳಿಗಾಗಿ ವಸತಿಗೃಹಗಳೂ ಊಟದ ಮನೆಗಳೂ ಎದ್ದುವು. ಅಲ್ಲಿ ಕಟ್ಟುವುದಕ್ಕೆ ಅನುಮತಿ ಬೇಕೆಂಬುದು ಕಾಗದದಲ್ಲಿದ್ದಿತು. ಕಾಗದದ ಮಾತನ್ನು ನಂಬಿದವರು ಕಡಿಮೆ. ನೋಟೀಸು, ವ್ಯಾಜ್ಯ, ಮೇಲ್ಮನವಿಗಳಲ್ಲಿ ಕಾಲ ಸಾಗಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಟ್ಟಡಗಳು ಅನಧಿಕೃತವೆಂದು ತೀರ್ಮಾನಿಸಿತು. ಮಾರ್ಚಿಯಲ್ಲಿ ಅವು ನೆಲಸಮವಾದುವು.

ತೀರ್ಪು ನ್ಯಾಯವಾದುದು. ಆದರೆ ಅದರ ಭಾರವು ಯಾರ ಮೇಲೆ ಬಿತ್ತೆಂಬುದನ್ನೂ ಯೋಚಿಸಬೇಕು. ಬಂಡವಾಳ ಹಾಕಿದವನು ಬೇರೆಡೆಗೆ ಹೋಗಿ ಬೇರೊಂದನ್ನು ಕಟ್ಟಬಲ್ಲನು. ಅಡಿಗೆಯವನು, ಬಟ್ಟೆ ಒಗೆಯುವವಳು, ಹಾಸಿಗೆ ಹಾಸುವವನು, ಅತಿಥಿಗಳನ್ನು ಹರಿಗೋಲಿನಲ್ಲಿ ದಾಟಿಸುವವನು, ಇವರು ಎಲ್ಲಿಗೆ ಹೋಗಬೇಕು? ನಮ್ಮ ಸೀಮೆಯಲ್ಲಿ ಉದ್ಯೋಗದ ದಿಕ್ಕು ಬದಲಾಗುತ್ತ ಬಂದಿದೆ. ವಿಜಯನಗರದ ಕಾಲದ ಕಾಲುವೆಗಳ ನೀರಿನಲ್ಲಿ ನೆಲ್ಲು ಬಾಳೆಗಳನ್ನು ಬೆಳೆದ ಕುಲಗಳ ಮಕ್ಕಳು ಇಂದು ಅಂಜನಾದ್ರಿಗೂ ಪಂಪಾಸರೋವರಕ್ಕೂ ಬರುವವರನ್ನು ನೆಚ್ಚಿದ್ದಾರೆ. ಕೆಲವು ಹೆಂಗಸರು ಅದೇ ಬಾಳೆಯ ನಾರಿನಿಂದ ಚೀಲ ಚಾಪೆಗಳನ್ನು ಹೆಣೆದು ಜೀವಿಸುತ್ತಾರೆ. ಪ್ರವಾಸಿಯನ್ನು ನೆಚ್ಚಿದ ಉದ್ಯೋಗವು ಮಳೆಯನ್ನು ನೆಚ್ಚಿದ ಬೆಳೆಗಿಂತ ಸ್ಥಿರವಾದುದೇನೂ ಅಲ್ಲ. ಅಂಥ ಉದ್ಯೋಗಕ್ಕೆ ತಳಪಾಯವಾಗಿ ನಿಲ್ಲಬೇಕಾದುದು ಕ್ರಮ. ಪರವಾನಗಿಯನ್ನು ಮೊದಲನೆಯ ವರ್ಷವೇ ಕೇಳಿದ್ದರೆ ಗಡ್ಡೆಯ ಮೇಲೆ ಕಟ್ಟುತ್ತಿದ್ದವನು ಬೇರೆ ಜಾಗವನ್ನು ಹುಡುಕುತ್ತಿದ್ದನು; ಅಡಿಗೆಯವನೂ ಅಲ್ಲಿಯೇ ಕೆಲಸಕ್ಕೆ ನಿಲ್ಲುತ್ತಿದ್ದನು. ಕೇಳದೆ ಬಿಟ್ಟ ವರ್ಷಗಳನ್ನು ಜನರು ದಯೆಯೆಂದು ತಿಳಿದರು. ಅದು ದಯೆಯಾಗಿರಲಿಲ್ಲ, ಅಲಕ್ಷ್ಯವಾಗಿತ್ತು. ಅಲಕ್ಷ್ಯದ ಬಡ್ಡಿಯನ್ನು ತೆತ್ತವರು ಬಡವರು.

ನನ್ನ ನಾಯಿಗೂ ಗಡ್ಡೆಯ ಕಟ್ಟಡಗಳಿಗೂ ಗಾತ್ರದಲ್ಲಿ ಸಾಮ್ಯವಿಲ್ಲವೆಂಬುದು ಸರಿಯೇ. ಸಾಮ್ಯವಿರುವುದು ಈ ಒಂದರಲ್ಲಿ: ಎರಡರಲ್ಲಿಯೂ, ಕೊಡಬೇಕಾದವನು ಕೊಡದೆ ಕೇಳಬೇಕಾದವನು ಕೇಳದೆ ಇದ್ದು, ಕಡೆಗೆ ಬೆಲೆ ತೆತ್ತವನು ಮೂರನೆಯವನು. ಬೀದಿ ಗುಡಿಸುವವಳ ನಾಲ್ಕು ದಿನದ ಕೂಲಿಯೂ ಅಡಿಗೆಯವನ ಸಂಬಳವೂ ಒಂದೇ ಖಾತೆಯಲ್ಲಿ ಬರೆಯತಕ್ಕವು.

ಮೂರನೆಯ ಮತ್ತು ನಾಲ್ಕನೆಯ ವಾದಗಳಿಗೂ ಇಲ್ಲಿಯೇ ಉತ್ತರವಿದೆ. ಉಳಿದವರು ಕೊಡದಿರುವುದು ನನ್ನ ಬಾಕಿಯನ್ನು ತೀರಿಸುವುದಿಲ್ಲ. ಮನೆಕಂದಾಯವನ್ನು ತೆತ್ತೆನೆಂಬುದು ನಾಯಿಯ ಬಾಕಿಗೆ ಜಮೆಯಾಗುವುದಿಲ್ಲ. ನೂರು ಮನೆಗಳು ಕೊಡದಿದ್ದರೆ ಆ ಬಾಬು ಇಳಿಯುವುದು. ಆ ಬಾಬಿನಿಂದ ಸಂಬಳ ಪಡೆಯಬಹುದಾಗಿದ್ದ ಪಶುವೈದ್ಯ ಸಹಾಯಕನೊಬ್ಬನು, ಲಸಿಕೆ ಹಾಕುವವನೊಬ್ಬನು ನಗರಕ್ಕೆ ಇಲ್ಲವಾಗುವನು. ನಗರದ ವರಮಾನವೆಂಬುದು ಕಡೆಗೆ ಯಾರೋ ಒಬ್ಬರ ಉದ್ಯೋಗ, ಯಾರೋ ಒಬ್ಬರ ಊಟ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ನಗರದ ಕಾವಲುಗಾರರ ವೇತನವು ವೇಶ್ಯಾವಾಟಿಕೆಯ ತೆರಿಗೆಯಿಂದ ಸಲ್ಲುತ್ತಿತ್ತೆಂದು ಬರೆದಿದ್ದಾನೆ. ಓದಿ ನಾವು ಮೂಗು ಮುರಿಯಬಹುದು. ಆದರೆ ಯಾವ ಹಣದಿಂದ ಯಾರ ಮನೆಯ ಒಲೆ ಉರಿಯುತ್ತದೆಂಬುದು ಆ ಕಾಲದವರಿಗೆ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಸುಂಕವನ್ನು ಎತ್ತುವ ಕೆಲಸವೂ ಹೀನವಲ್ಲವೆಂದು ನಮ್ಮ ನಾಡು ಬಹುಹಿಂದೆಯೇ ಕಂಡುಕೊಂಡಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬನು. ಸುಂಕ ವಸೂಲುಮಾಡುವುದೇ ಅವನ ಕಾಯಕ. ಅಂಬಿಗನಂತೆ, ನೇಕಾರನಂತೆ ಸುಂಕದವನೂ ಆ ಸಭೆಯಲ್ಲಿ ಕುಳಿತನೆಂಬ ಮಾತಿನಲ್ಲಿ ದೊಡ್ಡದೊಂದು ತತ್ತ್ವವಿದೆ: ನ್ಯಾಯವಾಗಿ ಕೇಳುವುದೂ ಒಂದು ಸೇವೆ. ಆದುದರಿಂದ ಪೌರಸಭೆಯು ಜನರಿಗೆ ಬೇಸರವಾದೀತೆಂದು ಕೇಳದೆ ಬಿಟ್ಟರೆ ಅದು ಜನಪ್ರೀತಿಯಲ್ಲ, ಕಾಯಕದಲ್ಲಿ ಕಳ್ಳತನ.

ಕ್ರಿಸ್ತಪೂರ್ವ 399ರಲ್ಲಿ ವಿಷವನ್ನು ಕುಡಿದು ಮಲಗಿದ ಸಾಕ್ರಟೀಸನು ಸಾಯುವ ಮುನ್ನ ಗೆಳೆಯನಿಗೆ ನೆನಪಿಸಿದುದು ಒಂದು ಹುಂಜದ ಬಾಕಿಯನ್ನು. ಆರೋಗ್ಯದೇವತೆಗೆ ಅದು ಸಲ್ಲಬೇಕಾಗಿದೆ, ಮರೆಯಬೇಡ ಎಂದನಂತೆ. ಆ ಮಾತಿಗೆ ಪಂಡಿತರು ಅನೇಕ ಗೂಢಾರ್ಥಗಳನ್ನು ಹೇಳುವರು. ನನಗೆ ಅದರ ನೇರವಾದ ಅರ್ಥವೇ ಸಾಕು: ಸಣ್ಣ ಬಾಕಿಯೂ ಬಾಕಿಯೇ. ನಮ್ಮ ಮಹಾಭಾರತದ ಧರ್ಮರಾಯನು ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಕ್ಕೆ ಹೋಗಲೊಲ್ಲೆನೆಂದ ಕಥೆಯನ್ನು ನಾಯಿಯ ಮೇಲಿನ ಪ್ರೀತಿಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ನಾನು ಅದರಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಅವನು ನಾಯಿಯನ್ನು ಉತ್ತರೀಯದಲ್ಲಿ ಬಚ್ಚಿಟ್ಟುಕೊಂಡು ಒಳನುಸುಳಲಿಲ್ಲ. ಇದು ನನ್ನನ್ನು ನಂಬಿ ಬಂದುದು, ಇದರ ಹೊಣೆ ನನ್ನದು ಎಂದು ಬಾಗಿಲಲ್ಲಿ ನಿಂತು ಎಲ್ಲರೆದುರಿಗೆ ಹೇಳಿದನು. ಪರವಾನಗಿಯೆಂದರೆ ಇಷ್ಟೇ.

ಹೀಗೆ ನೋಡಿದರೆ ಸಿದ್ಧಾಂತವು ಎರಡು ಮುಖವುಳ್ಳದ್ದಾಗುವುದು. ಗೃಹಸ್ಥನಾದವನು ಕೇಳದಿದ್ದರೂ ಕೊಡತಕ್ಕದ್ದು. ಏಕೆಂದರೆ ಅವನ ಬಾಕಿಯಿರುವುದು ಕೇಳುವ ಅಧಿಕಾರಿಗಲ್ಲ, ಬೀದಿಯಲ್ಲಿ ನಡೆಯುವ ನೆರೆಯವನಿಗೆ. ಆಳುವವರಾದರೆ ಎಲ್ಲರಿಂದಲೂ ಸಮನಾಗಿ ಕೇಳತಕ್ಕದ್ದು, ಕೇಳಿ ಪಡೆದುದನ್ನು ಆ ಕೆಲಸಕ್ಕೇ ಹಚ್ಚತಕ್ಕದ್ದು. ಎತ್ತುವ ವೆಚ್ಚವೇ ಹೆಚ್ಚಾದರೆ, ಅಥವಾ ಹೊರೆಯು ಬಡವನ ಹೆಗಲಿಗೆ ಬೀಳುವುದಾದರೆ, ಕೊಂಡೋಜನ ಕಾಲದವರಂತೆ ಬಹಿರಂಗವಾಗಿ ಬಿಡತಕ್ಕದ್ದು. 1993ರ ಕಾಯಿದೆಯು ನಮ್ಮ ಗ್ರಾಮಪಂಚಾಯತಿಗಳಿಗೂ ಕಟ್ಟಡಗಳ ಮೇಲೆ ತೆರಿಗೆಯನ್ನೂ, ಸಂತೆಗೆ ತಂದ ದನಗಳ ನೋಂದಣಿಗೂ ಗೋಮಾಳದ ಮೇವಿಗೂ ಶುಲ್ಕವನ್ನೂ ವಿಧಿಸುವ ಅಧಿಕಾರವನ್ನು ಕೊಟ್ಟಿದೆ. ಇವುಗಳಲ್ಲಿ ಯಾವುದನ್ನು ಎತ್ತುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅದೇ ನಮ್ಮ ಕಾಲದ ಶಿಲಾಶಾಸನ.

ನಮ್ಮ ನಾಯಿ ಮುಪ್ಪಿನಿಂದ ತೀರಿಹೋಗಿ ಕೆಲವು ವರ್ಷಗಳಾದುವು. ಊರನ್ನು ಬಿಡುವ ಮೊದಲು ನಾನು ಆ ಒಂಬತ್ತು ವರ್ಷಗಳ ಶುಲ್ಕವನ್ನು ಲೆಕ್ಕಹಾಕಿ ಕಚೇರಿಗೆ ಒಯ್ದೆನು. ಅಲ್ಲಿದ್ದ ಗುಮಾಸ್ತರು ನಗುತ್ತ, ಸತ್ತ ನಾಯಿಗೆ ರಸೀತಿ ಬರೆಯುವ ಪುಸ್ತಕ ತಮ್ಮಲ್ಲಿಲ್ಲವೆಂದರು. ಅವರ ಮಾತೂ ಸರಿಯೇ. ಆ ಹಣವನ್ನು ಬೀದಿ ಗುಡಿಸುವ ತಾಯಿಗೆ ಕೊಟ್ಟೆನು. ಆಗ ಏಕೆಂದು ಕೇಳಿದಳು. ಹಳೆಯ ಬಾಕಿಯೆಂದೆನು. ಅವಳು ಎಣಿಸಿ ಸೆರಗಿಗೆ ಕಟ್ಟಿಕೊಂಡು ಪೊರಕೆಯನ್ನು ತೆಗೆದುಕೊಂಡು ಹೋದಳು. ಅದರಿಂದ ನನ್ನ ಬಾಕಿ ತೀರಿತೆಂದು ನಾನು ತಿಳಿದಿಲ್ಲ.